ಅಜ್ಜನ ಬೇಟೆ ರೈಫಲ್‌ಗೆ ಹೊಸ ಪಾಲಿಶ್ ಮಾಡಿಸಿದರೆ ಬೆಲೆ ಏರುತ್ತಾ, ಇಳಿಯುತ್ತಾ?

ಹಾನಗಲ್ ಮೊಮ್ಮಗ

ಎಲ್ಲರಿಗೂ ನಮಸ್ಕಾರ ರೀ. ಅಜ್ಜನ ಕಾಲದ ಬೇಟೆ ರೈಫಲ್ ಒಂದು ಅಪ್ಪನ ನಂತರ ನನ್ನ ಹೆಸರಿಗೆ ಬಂದಿದೆ. ಲೈಸನ್ಸ್ ಕೆಲಸ ಮುಗಿದಿದೆ, ಅದರ ಚಿಂತೆ ಇಲ್ಲ. ಬ್ಯಾರಲ್ (ನಳಿಗೆ) ಮೇಲೆ ವೆಸ್ಟ್ಲಿ ರಿಚರ್ಡ್ಸ್ ಅಂತ ಇಂಗ್ಲಿಷ್ ತಯಾರಕನ ಹೆಸರಿದೆ, ತೋಟಾದ ಅಳತೆ .318 ಅಂತ ಇದೆ. ಬೋಲ್ಟ್ ಎಳೆದು ತೋಟಾ ಹಾಕುವ ಮಾದರಿ. ಕೈ ಹಿಡಿಯುವ ಜಾಗದಲ್ಲಿ ಕಪ್ಪು ಹೋಗಿ ಬೂದು ಬಣ್ಣ ಬಂದಿದೆ. ಕಟ್ಟಿಗೆ ತುಂಬ ಗೀರು, ಒಂದೆರಡು ಕಡೆ ತಗ್ಗು ಬಿದ್ದಿದೆ. ಹೆಗಲಿಗೆ ಕೊಡುವ ಉಕ್ಕಿನ ತಟ್ಟೆಗೆ ತುಕ್ಕು ಹತ್ತಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದೊಡ್ಡಪ್ಪ ಹೇಳುತ್ತಾರೆ, ಪೂರ್ತಿ ಬಿಚ್ಚಿಸಿ ಪಾಲಿಶ್ ಹೊಡೆಸು, ಹೊಸ ಸಾಗವಾನಿ ಕಟ್ಟಿಗೆ ಕೂಡಿಸು, ಬೆಲೆ ಎರಡರಷ್ಟಾಗುತ್ತದೆ ಅಂತ. ಹುಬ್ಬಳ್ಳಿಯಲ್ಲಿರುವ ಅಣ್ಣ ಹೇಳುತ್ತಾನೆ, ಮೇಲೆ ನಾಲ್ಕು ತೂತು ಕೊರೆಸಿ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಕೂಡಿಸು ಅಂತ. ಮಾವನದು ಇನ್ನೊಂದು ಮಾತು. .318 ತೋಟಾ ಈಗ ಎಲ್ಲಿ ಸಿಗುತ್ತದೆ, .315 ತೋಟಾನೇ ಹಾಕಿ ನೋಡು, ಆಗದಿದ್ದರೆ ಬ್ಯಾರಲ್ ಬದಲಿಸಿ .30-06 ತೋಟಾದ ಅಳತೆಗೆ ಮಾಡಿಸು ಅಂತಾರೆ.

ಈಗಲೇ ಮಾರುವ ಮನಸ್ಸಿಲ್ಲ. ಆದರೆ ಮುಂದೆ ತಂಗಿಯ ಮದುವೆ ಇದೆ, ಹೊಲದ ಸಾಲ ಇದೆ. ಮಾರುವ ಪ್ರಸಂಗ ಬಂದರೆ ನಾಲ್ಕು ದುಡ್ಡು ಜಾಸ್ತಿ ಬರಬೇಕು. ಏನು ಮಾಡಿಸಲಿ, ಏನು ಬಿಡಲಿ? ತಿಳಿದವರು ಹೇಳಿ.

ಮಾಳಮಡ್ಡಿ

ತಮ್ಮಾ, ಬೆಲೆಯ ಮಾತು ಆಮೇಲೆ. .315 ತೋಟಾ ಅದರಲ್ಲಿ ಹಾಕುವ ಯೋಚನೆ ಇವತ್ತೇ ಬಿಡು. ಮಾವನಿಗೂ ಗಟ್ಟಿಯಾಗಿ ಹೇಳು. ಅಂಕಿ ಹತ್ತಿರ ಇದೆ ಅಂದಮಾತ್ರಕ್ಕೆ ತೋಟಾ ಹತ್ತಿರದ್ದಲ್ಲ. ನಮ್ಮಲ್ಲಿ ಸಿಗುವ .315 ತೋಟಾ ಆಸ್ಟ್ರಿಯಾದ ಹಳೇ 8 ಮಿಲಿಮೀಟರ್ ತೋಟಾದ ವಂಶದ್ದು, ಬುಡದಲ್ಲಿ ಹೊರಗೆ ಚಾಚಿದ ಅಂಚು ಇರುತ್ತದೆ. ನಿನ್ನ ರೈಫಲ್ ಮೌಸರ್ ಎಂಬ ಜರ್ಮನ್ ಮಾದರಿಯ ಬೋಲ್ಟ್‌ನದು, ಅಂಚಿಲ್ಲದ ತೋಟಾಕ್ಕೆ ಮಾಡಿದ್ದು. ಇನ್ನೂ ಒಂದು ಗೊಂದಲ ಇದೆ. ಹೆಸರು .318 ಇದ್ದರೂ ಅದರ ಗುಂಡಿನ ಅಗಲ ನಿಜವಾಗಿ .330 ಇಂಚು. ಹೆಸರು ನೋಡಿ ಅಳತೆ ಲೆಕ್ಕ ಹಾಕಿದರೆ ಕೆಡುತ್ತೀರಿ. ಸರಿಯಲ್ಲದ ತೋಟಾ ಹಾಕಿದರೆ ಮುಖದ ಹತ್ತಿರ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬೆಲೆ. ಯಾರ ಕೈಗೂ ಕೊಡಬೇಡ. ಈಗ ಇರುವ ಸ್ಥಿತಿಯಲ್ಲೇ ಅದಕ್ಕೆ ಹೆಚ್ಚು ಬೆಲೆ.

ಹಳೇ ಬೇಟೆ ರೈಫಲ್ ಕೊಳ್ಳುವವರು ಎರಡು ಬಗೆ. ಒಬ್ಬರಿಗೆ ಹೊಡೆಯಲಿಕ್ಕೆ ಬೇಕು. ಅವರು ತೋಟಾ ಸುಲಭವಾಗಿ ಸಿಗುವ ಬಂದೂಕು ನೋಡುತ್ತಾರೆ, ಹಳೇದಕ್ಕೆ ಜಾಸ್ತಿ ಕೊಡುವುದಿಲ್ಲ. ಇನ್ನೊಬ್ಬರಿಗೆ ಆ ತಯಾರಕನ ಕೈಕೆಲಸ ಬೇಕು. ದೊಡ್ಡ ದುಡ್ಡು ಕೊಡುವವರು ಇವರೇ. ಇವರು ಹೊಳಪು ನೋಡುವುದಿಲ್ಲ. ಮೊದಲು ಅಕ್ಷರ ನೋಡುತ್ತಾರೆ. ತಯಾರಕನ ಹೆಸರು, ನಂಬರು, ಪ್ರೂಫ್ ಮುದ್ರೆ (ಒತ್ತಡದ ಪರೀಕ್ಷೆ ಪಾಸಾದ ಗುರುತು) ಚೂಪಾಗಿವೆಯಾ ಅಂತ. ಆಮೇಲೆ ಸ್ಕ್ರೂ ತಲೆ. ಆಮೇಲೆ ಕಟ್ಟಿಗೆ ಮತ್ತು ಉಕ್ಕು ಕೂಡುವ ಅಂಚು. ಬೋಲ್ಟ್ ಮೇಲಿನ ನಂಬರೂ ಬ್ಯಾರಲ್ ಮೇಲಿನ ನಂಬರೂ ಹೊಂದುತ್ತವೆಯಾ ಅಂತ ನೋಡುತ್ತಾರೆ. ಇಷ್ಟು ನೋಡಿದ ಮೇಲೆ ಬೆಲೆಯ ಮಾತು ತೆಗೆಯುತ್ತಾರೆ.

ಆ ಕಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ಬ್ಲೂಯಿಂಗ್ ಅಂದರೆ ಬಣ್ಣ ಬಳಿಯುವುದಲ್ಲ. ಉಕ್ಕಿಗೆ ತೆಳ್ಳಗೆ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಇಟ್ಟು ಆ ಕೆಂಪನ್ನು ಕಪ್ಪಾಗಿಸಿ, ಸಣ್ಣ ತಂತಿಯಿಂದ ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಹೀಗೆ ಹಲವು ಸಲ ಮಾಡಿದರೆ ಬರುವ ಆಳವಾದ ಕಪ್ಪು ಅದು. ಹಳೇ ಇಂಗ್ಲಿಷ್ ಬ್ಯಾರಲ್‌ಗಳಿಗೆ ಇದೇ ಕೆಲಸ ಮಾಡಿರುತ್ತಾರೆ. ಈಗ ಸಾಮಾನ್ಯವಾಗಿ ಮಾಡುವುದು ಬೇರೆ. ಮೊದಲು ಬಫ್ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಸುತ್ತಾರೆ, ಆಮೇಲೆ ಕಾಸ್ಟಿಕ್ ಉಪ್ಪಿನ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಬೇಗ ಆಗುತ್ತದೆ, ಕಪ್ಪಗೆ ಮಿಂಚುತ್ತದೆ. ಆದರೆ ಆ ಚಕ್ರ ಅಕ್ಷರಗಳ ಅಂಚು ತಿಂದು ಹಾಕಿರುತ್ತದೆ. ಸ್ಕ್ರೂ ತೂತಿನ ಬಾಯಿ ಅಗಲವಾಗಿ ತಟ್ಟೆಯಂತಾಗುತ್ತದೆ. ಚಪ್ಪಟೆ ಇದ್ದ ಜಾಗ ಅಲೆಅಲೆಯಾಗುತ್ತದೆ. ತಿಳಿದವನು ಕಿಟಕಿ ಬೆಳಕಿಗೆ ಒಂದು ಸಲ ಓರೆ ಹಿಡಿದರೆ ಸಾಕು, ಪಾಲಿಶ್ ಆಗಿದೆ ಅಂತ ಹೇಳಿಬಿಡುತ್ತಾನೆ. ಅಲ್ಲಿಂದ ಬೆಲೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಅಜ್ಜನ ಕೈ ಹಿಡಿದು ಹಿಡಿದು ಸವೆದ ಬೂದು ಬಣ್ಣಕ್ಕೆ ಯಾರೂ ದುಡ್ಡು ಕಡಿಮೆ ಮಾಡುವುದಿಲ್ಲ. ಮಾಡಿದರೂ ಅಷ್ಟಿಷ್ಟು. ಚಕ್ರ ತಿಂದ ಉಕ್ಕು ಮಾತ್ರ ತಿರುಗಿ ಬರುವುದಿಲ್ಲ.

ಗೋಕುಲ ರೋಡ್ ಲೇತ್

ಮಾಳಮಡ್ಡಿ ಸರ್, ಗೌರವದಿಂದಲೇ ಕೇಳುತ್ತೇನೆ. ನಾನು ಲೇತ್ ಮೇಲೆ ಬೆಳೆದವನು. ಬಂದೂಕು ಕೆಲಸ ಮಾಡುವುದಿಲ್ಲ, ಅದಕ್ಕೆ ಬೇರೆ ಲೈಸನ್ಸ್ ಬೇಕು. ಆದರೆ ಉಕ್ಕು ಗೊತ್ತು. ತೋಟಾ ಸಿಗದ ರೈಫಲ್ ಇಟ್ಟುಕೊಂಡು ಏನು ಮಾಡುವುದು? ಯಂತ್ರ ಅಂದರೆ ಓಡಬೇಕು. ಬ್ಯಾರಲ್ ಹಾಳಾಗಿದ್ದರೆ ಹೊಸದು, ಸ್ಪ್ರಿಂಗ್ ಸತ್ತಿದ್ದರೆ ಹೊಸದು. ಒಳ್ಳೇ ಕೆಲಸಗಾರ ಅಳತೆಗೆ ಸರಿಯಾಗಿ ಮಾಡಿಕೊಟ್ಟರೆ ಬೆಲೆ ಯಾಕೆ ಇಳಿಯಬೇಕು? ಎಲ್ಲವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಕೆಲಸಗಾರನ ವಿದ್ಯೆಗೆ ಬೆಲೆ ಎಲ್ಲಿದೆ?

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕಡೆ. ಸ್ಕೋಪ್ ತೂತು. ಹಳೇ ಮೌಸರ್ ರಿಸೀವರ್‌ಗಳ, ಅಂದರೆ ಬೋಲ್ಟ್ ಓಡಾಡುವ ಭಾಗದ, ಉಕ್ಕು ಒಳಗೆ ಮೆತ್ತಗೆ, ಮೇಲಿನ ಪದರ ಮಾತ್ರ ಗಟ್ಟಿ. ಕೇಸ್ ಹಾರ್ಡನಿಂಗ್ ಅಂತಾರಲ್ಲ, ಅದು. ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. ಆಗ ಅವಸರದವರು ಆ ಜಾಗಕ್ಕೆ ಗ್ಯಾಸ್ ಬೆಂಕಿ ಹಿಡಿದು ಮೆತ್ತಗೆ ಮಾಡಿ ಕೊರೆಯುತ್ತಾರೆ. ಅದು ತಪ್ಪು. ತೋಟಾ ಸಿಡಿಯುವಾಗ ಒತ್ತಡ ಪೂರ್ತಿ ತಡೆಯುವುದು ಆ ಭಾಗವೇ. ಬೆಂಕಿ ಎಷ್ಟು ಒಳಗೆ ಹೋಯಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ತೂತು ಬೇಡ ಅಂತ ವೆಲ್ಡಿಂಗ್ ತುಂಬಿದರೆ ಇನ್ನೂ ಕೇಡು. ಇಂಥ ಕೆಲಸ ನೋಡಿದರೆ ನಾನಂತೂ ಆ ಬಂದೂಕಿನಿಂದ ಹೊಡೆಯುವುದಿಲ್ಲ.

ಮಾಳಮಡ್ಡಿ

ನಿಮ್ಮ ಪ್ರಶ್ನೆ ಸರಿ ಇದೆ. ಕೆಲಸಗಾರನ ವಿದ್ಯೆಗೆ ಬೆಲೆ ಇದ್ದೇ ಇದೆ. ಆದರೆ ಯಾರು ಮಾಡಿದರು, ಯಾವಾಗ ಮಾಡಿದರು, ತಿರುಗಿ ಮೊದಲಿನಂತೆ ಮಾಡಲು ಬರುತ್ತದಾ, ಈ ಮೂರರ ಮೇಲೆ ಎಲ್ಲಾ ನಿಂತಿದೆ.

ಲಂಡನ್ನಿನ ರಿಗ್ಬಿಯವರೋ ಹಾಲೆಂಡ್ ಅಂಡ್ ಹಾಲೆಂಡ್‌ನವರೋ ತಮ್ಮದೇ ರೈಫಲ್ ಮೇಲೆ ಆ ಕಾಲದಲ್ಲೇ ಸ್ಕೋಪ್‌ಗೆ ಕ್ಲಾ ಮೌಂಟ್ (ಕೊಕ್ಕೆಯಿಂದ ಹಿಡಿಯುವ ಹಿಡಿಕೆ) ಕೂಡಿಸಿದ್ದರೆ ಅದು ಹಾನಿಯಲ್ಲ. ಬೆಲೆ ಏರಿಸುತ್ತದೆ. ಅವರ ಹಳೇ ಲೆಡ್ಜರ್ ಪುಸ್ತಕಗಳು ಇನ್ನೂ ಇವೆ. ನಂಬರು ಕೊಟ್ಟು ಶುಲ್ಕ ಕಟ್ಟಿದರೆ ಯಾವ ವರ್ಷ, ಯಾವ ಅಳತೆ, ಯಾರಿಗೆ ಹೋಯಿತು ಅಂತ ಬರೆದು ಕೊಡುತ್ತಾರೆ. ಪುಸ್ತಕದಲ್ಲಿ ಮೌಂಟ್ ಇದೆ ಅಂದರೆ ಮುಗಿಯಿತು, ಅದೂ ಮೂಲವೇ. ಅದೇ ತೂತನ್ನು ಮೊನ್ನೆ ಕೊರೆಸಿದ್ದರೆ ಕಥೆ ಬೇರೆ.

ಅಮೆರಿಕದ ಉದಾಹರಣೆ ನೋಡಿ. ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲ್ ತಂದು ಮನೆಯಲ್ಲೇ ಕಟ್ಟಿಗೆ ಕತ್ತರಿಸಿ, ಬ್ಯಾರಲ್ ಗಿಡ್ಡ ಮಾಡಿ ಬೇಟೆಗೆ ಮಾಡಿಕೊಂಡವರು ಬಹಳ ಜನ. ಅವಕ್ಕೆ ಇವತ್ತು ಮುಟ್ಟದೇ ಬಿಟ್ಟ ಸೈನ್ಯದ ರೈಫಲ್‌ಗಿಂತ ಕಡಿಮೆ ಬೆಲೆ. ಆದರೆ ಅದೇ ಸ್ಪ್ರಿಂಗ್‌ಫೀಲ್ಡ್‌ಗೆ ಗ್ರಿಫಿನ್ ಅಂಡ್ ಹೌ ಎಂಬ ನ್ಯೂಯಾರ್ಕ್ ಕಂಪನಿ ಕೈಯಾರೆ ಹೊಸ ಕಟ್ಟಿಗೆ ಕೂಡಿಸಿದ್ದಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ. ಬದಲಾವಣೆ ಎರಡರಲ್ಲೂ ಇದೆ. ಕೈ ಯಾರದು ಅನ್ನುವುದೇ ವ್ಯತ್ಯಾಸ. ವಿಂಚೆಸ್ಟರ್ ಮಾಡೆಲ್ 70 ಕೂಡ ಹಾಗೇ. 1964ಕ್ಕಿಂತ ಮೊದಲಿನದು ಅಂದರೆ ಸಂಗ್ರಹಕಾರರು ಕಿವಿ ನೆಟ್ಟಗೆ ಮಾಡುತ್ತಾರೆ, ಆದರೆ ಕಾರ್ಖಾನೆ ಹಾಕದ ಒಂದು ತೂತು ಜಾಸ್ತಿ ಕಂಡರೂ ಚೌಕಾಶಿ ಶುರುವಾಗುತ್ತದೆ.

ಬ್ಯಾರಲ್ ಬದಲಿಸುವ ಮಾತು. .318ರ ನಳಿಗೆ .30-06ಕ್ಕಿಂತ ಅಗಲ. ಕೊರೆದು ಹೊಂದಿಸುವ ಪ್ರಶ್ನೆಯೇ ಇಲ್ಲ, ಪೂರ್ತಿ ಹೊಸ ಬ್ಯಾರಲ್ ಬೇಕು. ಹಳೇ ಬ್ಯಾರಲ್ ಮೇಲೆಯೇ ತಯಾರಕನ ಹೆಸರು, ಪ್ರೂಫ್ ಮುದ್ರೆ, ಹಿಂದಿನ ಸೈಟ್ ಎಲ್ಲಾ ಇವೆ. ಅದು ಹೋದರೆ ಉಳಿಯುವುದು ಒಂದು ಮೌಸರ್ ಬೋಲ್ಟ್, ಒಂದು ಹಳೇ ಕಟ್ಟಿಗೆ. ಅದನ್ನು ವೆಸ್ಟ್ಲಿ ರಿಚರ್ಡ್ಸ್ ಅಂತ ಹೇಳಿ ಮಾರಲು ಬರುವುದಿಲ್ಲ. ಹೊಡೆಯಲಿಕ್ಕೇ .30-06 ಬೇಕಾದರೆ ನಮ್ಮ ಇಶಾಪುರ ಕಾರ್ಖಾನೆಯದು ತೆಗೆದುಕೊಳ್ಳಲಿ, ಅಜ್ಜನದು ಹಾಗೇ ಇರಲಿ.

ಸಾಧನಕೇರಿ

ಬಿಸಿ ಉಪ್ಪಿನ ಬ್ಲೂಯಿಂಗ್ ಬಗ್ಗೆ ನಾನೂ ಹೇಳಲೇಬೇಕು. ನಮ್ಮ ತಂದೆಯವರದು ಎರಡು ನಳಿಗೆಯ ಇಂಗ್ಲಿಷ್ ಬಂದೂಕು ಇತ್ತು, ಪಕ್ಕಪಕ್ಕ ನಳಿಗೆ. ಒಬ್ಬ ಕೆಲಸಗಾರನಿಗೆ ಬಣ್ಣ ಮಾಡಲು ಕೊಟ್ಟರು. ಬಂದಾಗ ನೋಡಲು ಬಹಳ ಚಂದ ಇತ್ತು. ಮನೆಯವರೆಲ್ಲಾ ಖುಷಿಪಟ್ಟರು. ಮುಂದಿನ ಮಳೆಗಾಲದಲ್ಲಿ ಎರಡು ನಳಿಗೆಯ ನಡುವಿನ ಪಟ್ಟಿಯ ಸಂದಿಯಲ್ಲಿ ಬಿಳಿ ಪುಡಿ, ಅದರ ಹಿಂದೆ ತುಕ್ಕು ಬರಲು ಶುರುವಾಯಿತು. ಎಷ್ಟು ಒರೆಸಿದರೂ ನಿಲ್ಲಲಿಲ್ಲ.

ಆಮೇಲೆ ತಿಳಿದವರು ಹೇಳಿದರು. ಇಂಥ ಬಂದೂಕಿನ ಪಟ್ಟಿಯನ್ನು ಮೆತ್ತನೆಯ ಬೆಸುಗೆಯಿಂದ ಕೂಡಿಸಿರುತ್ತಾರೆ. ಕಾಸ್ಟಿಕ್ ದ್ರಾವಣ ಆ ಬೆಸುಗೆಯನ್ನೇ ತಿನ್ನುತ್ತದೆ. ಒಳಗೆ ಸೇರಿದ ಉಪ್ಪು ಹೊರಗೆ ಬರುವುದೇ ಇಲ್ಲ. ಬೆರಳಿನಿಂದ ನಳಿಗೆ ಬಡಿದರೆ ಗಂಟೆಯಂತೆ ನಾದ ಬರಬೇಕಂತೆ. ನಮ್ಮದು ಟಪ್ ಅಂತ ಸತ್ತ ಸದ್ದು ಮಾಡುತ್ತಿತ್ತು. ಕೊಳ್ಳಲು ಬಂದವರು ಬಡಿದು ನೋಡಿ ಕೈಮುಗಿದು ಹೋದರು. ತಂದೆ ಅದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡರು, ಯಾಕಂದರೆ ಅವರು ಮಾಡಿಸಿದ್ದು ಅದಕ್ಕೆ ಒಳ್ಳೇದಾಗಲಿ ಅಂತಲೇ.

ಕಟ್ಟಿಗೆ ಬಗ್ಗೆಯೂ ಒಂದು ಮಾತು. ಸಾಗವಾನಿ ಒಳ್ಳೇ ಮರವೇ, ಬಾಗಿಲಿಗೆ, ಮಂಚಕ್ಕೆ ಅದರ ಸಮ ಇಲ್ಲ. ಬಂದೂಕಿನದು ಅಕ್ರೋಟ್ ಮರ. ಅದರ ಎಳೆ ಬೇರೆ, ಬಲ ಬೇರೆ. ಹಳೇ ಇಳಕಲ್ ಸೀರೆಯ ಟೋಪಿ ತೆನಿ ಸೆರಗು ಕತ್ತರಿಸಿ ಮಿಲ್ಲಿನ ಬಟ್ಟೆ ಹೊಲಿದ ಹಾಗೆ ಆಗುತ್ತದೆ ಅಷ್ಟೇ. ಗೀರು ಇದ್ದರೆ ಇರಲಿ ತಮ್ಮಾ.

ಹಾನಗಲ್ ಮೊಮ್ಮಗ

ಅಕ್ಕಾರ, ಓದಿ ಬೇಜಾರಾಯಿತು. ನಮ್ಮದು ಒಂದೇ ನಳಿಗೆ, ಆದರೂ ಪಾಲಿಶ್ ವಿಚಾರ ಕೈಬಿಟ್ಟೆ. ದೊಡ್ಡಪ್ಪನಿಗೆ ಹೇಳುವುದೊಂದೇ ಕಷ್ಟ.

ಕಟ್ಟಿಗೆಯ ತಗ್ಗು ಮಾತ್ರ ಸ್ವಲ್ಪ ದೊಡ್ಡದಿದೆ. ಉಸುಕಿನ ಕಾಗದ ಹಾಕಿ ಸಮ ಮಾಡಿದರೂ ತಪ್ಪಾ? ಮತ್ತೆ ಹೆಗಲ ತಟ್ಟೆ ತೆಗೆದು ರಬ್ಬರ್ ಪ್ಯಾಡ್ ಕೂಡಿಸು ಅಂತ ಒಬ್ಬರು ಹೇಳಿದರು.

ಮಾಳಮಡ್ಡಿ

ಉಸುಕಿನ ಕಾಗದ ಬೇಡವೇ ಬೇಡ. ಒಳ್ಳೇ ಬಂದೂಕಿನಲ್ಲಿ ಕಟ್ಟಿಗೆ ಉಕ್ಕಿಗಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಬೆರಳು ಎಳೆದರೆ ಗೊತ್ತಾಗುತ್ತದೆ. ಒಂದು ಸಲ ಉಜ್ಜಿದರೆ ಆ ಅಂಚು ಕೆಳಗೆ ಹೋಗಿ ಉಕ್ಕು ಮೇಲೆ ಎದ್ದು ಕಾಣುತ್ತದೆ. ಕೈ ಹಿಡಿತಕ್ಕೆ ಕೆತ್ತಿದ ಚೌಕುಳಿ ಗೀರುಗಳೂ ಮೊಂಡಾಗುತ್ತವೆ. ಅವು ಮೊಂಡಾದರೆ ಕಟ್ಟಿಗೆ ಉಜ್ಜಿದ್ದಾರೆ ಅಂತ ಯಾರಿಗಾದರೂ ತಿಳಿಯುತ್ತದೆ. ಎಳೆ ಮುರಿಯದ ತಗ್ಗು ಇದ್ದರೆ ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಮುಟ್ಟಿಸಿದರೆ ಆವಿಗೆ ಮರ ಉಬ್ಬಿ ತಗ್ಗು ಬಹುಪಾಲು ಮೇಲೇಳುತ್ತದೆ. ಆದರೆ ಅದನ್ನೂ ತಿಳಿದವರ ಕೈಯಲ್ಲೇ ಮಾಡಿಸು. ಮೆಲಮೈನ್, ವಾರ್ನಿಶ್ ಅಂಥದ್ದು ಹತ್ತಿರಕ್ಕೂ ತರಬೇಡ. ಅದಕ್ಕೆ ಹಚ್ಚಿದ್ದು ಅಗಸಿ ಎಣ್ಣೆ. ನಮ್ಮ ಕಡೆ ಚಟ್ನಿ ಮಾಡುವ ಅಗಸಿಯೇ.

ಪ್ಯಾಡ್ ಬಗ್ಗೆ. ರಬ್ಬರ್ ಪ್ಯಾಡ್ ಕೂಡಿಸಲು ಹೆಚ್ಚಿನಂಶ ಹಿಂಭಾಗದ ಕಟ್ಟಿಗೆಯನ್ನು ಗರಗಸದಿಂದ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಕಟ್ಟಿಗೆ ಮತ್ತೆ ಬೆಳೆಯುವುದಿಲ್ಲ. ಆ ಕಾಲದಲ್ಲೇ ತಯಾರಕರು ಕೂಡಿಸಿದ ಕೆಂಪು ರಬ್ಬರಿನ ಸಿಲ್ವರ್ಸ್ ಪ್ಯಾಡ್ ಇದ್ದರೆ ಅದು ಬೇರೆ ಮಾತು, ಅದನ್ನು ಒಡೆದಿದ್ದರೂ ಬಿಸಾಡಬಾರದು. ನಿನಗೆ ಹೆಗಲು ನೋಯುತ್ತದೆ ಅಂದರೆ ಚರ್ಮದ ಚೀಲದಂಥ ಪ್ಯಾಡ್ ಸಿಗುತ್ತದೆ. ಹಾಕಿದ ಹಾಗೇ ತೆಗೆಯಬಹುದು.

ರಾಣೆಬೆನ್ನೂರ ಕಡೆಯವ

ನನ್ನ ಮಾತು ಸ್ವಲ್ಪ ಬೇರೆ. ಇಲ್ಲಿ ಎಲ್ಲರೂ ಸಂಗ್ರಹಕಾರನ ಕಣ್ಣಿಂದ ನೋಡುತ್ತಿದ್ದೀರಿ. ನನ್ನ ಹತ್ತಿರ ಬೆಳೆ ರಕ್ಷಣೆಗೆ ಇರುವ 12 ಬೋರ್ ಬಂದೂಕು ಇದೆ, ಅಪ್ಪನದು, ಬಿಎಸ್‌ಎ ಕಂಪನಿಯದು. ಗೋವಿನಜೋಳ ಹಾಲುಗಾಳು ಕಟ್ಟುವಾಗ ಹಂದಿ ಒಂದು ರಾತ್ರಿಯಲ್ಲಿ ಎಷ್ಟು ಹಾಳು ಮಾಡುತ್ತವೆ ಅಂತ ನೋಡಿದವರಿಗೇ ಗೊತ್ತು. ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿದೆ, ನಾವೂ ಬೇಟೆಗೆ ಹೋಗುವವರಲ್ಲ. ಗಾಳಿಗೆ ಹಾರಿಸಿ ಓಡಿಸುವುದಷ್ಟೇ. ಅಪ್ಪನಿಗೆ ವಯಸ್ಸಾದ ಮೇಲೆ ಹೆಗಲು ತಡೆಯಲಿಲ್ಲ, ಹಿಂದಿನ ಕಟ್ಟಿಗೆ ಒಂದು ಬೆರಳು ಕತ್ತರಿಸಿ ಪ್ಯಾಡ್ ಕೂಡಿಸಿದರು. ಬೆಲೆ ಇಳಿದಿರಬಹುದು. ಆದರೆ ಅವರು ಕೊನೇತನಕ ಅದನ್ನೇ ಹಿಡಿದು ಹೊಲ ಕಾದರು. ಆ ಬಂದೂಕು ಮಾಡಿದ್ದು ಆ ಕೆಲಸಕ್ಕೇ ಅಲ್ವಾ?

ಇನ್ನೊಂದು ವಿಷಯ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಕೊಡಬೇಕು. ತಿರುಗಿ ಬರುವಾಗ ಕೆಲವೊಮ್ಮೆ ತುಕ್ಕು ಹಿಡಿದಿರುತ್ತದೆ, ಒಮ್ಮೆ ಕಟ್ಟಿಗೆಯ ಮೇಲೆ ನಂಬರ್ ಚೀಟಿಯ ಅಂಟು ಹತ್ತಿತ್ತು. ಹಾನಗಲ್ ತಮ್ಮಾ, ಕೊಡುವ ಮುಂಚೆ ಚೆನ್ನಾಗಿ ಎಣ್ಣೆ ಒರೆಸಿ, ಎಲ್ಲಾ ಕಡೆಯಿಂದ ಫೋಟೋ ತೆಗೆದು, ರಸೀದಿಯಲ್ಲಿ ನಂಬರು ಸರಿ ಬರೆಸಿಕೊಂಡು ಕೊಡು. ಅಂಗಡಿಯಲ್ಲಿ ಇಡಲು ಅವಕಾಶ ಇದ್ದರೆ ಲೈಸನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಇಡುವುದು ನನಗೆ ಒಳ್ಳೇದು ಅನ್ನಿಸುತ್ತದೆ.

ಮಾಳಮಡ್ಡಿ

ನಿಮ್ಮ ತಂದೆ ಮಾಡಿದ್ದು ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ಸಾವಿರಾರು ಮಾಡಿದ ಹೊಲದ ಬಂದೂಕು ಅದು, ಕೆಲಸಕ್ಕೆ ಬರಬೇಕು. ನಾನು ಹೇಳುತ್ತಿರುವುದು ಎಣಿಸಿ ಮಾಡಿದ ರೈಫಲ್ ಬಗ್ಗೆ. ಇಲ್ಲಿ ಬಹಳ ಜನ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ನಿಮ್ಮದರ ಬೆಲೆ ಪ್ಯಾಡ್‌ನಿಂದ ಅಷ್ಟೇನೂ ಇಳಿದಿಲ್ಲ, ಹೇಳುತ್ತೇನೆ ಕೇಳಿ. ತೆಗೆದ ಹಳೇ ತಟ್ಟೆ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಹುಡುಕಿ ಇಡಿ.

ಗದಗ ಮಾಸ್ತರ್

ಕಾನೂನಿನ ಕಡೆಯನ್ನು ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೆಲೆಗೂ ಇದಕ್ಕೂ ನೇರ ಸಂಬಂಧ ಇದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ನೋಡಿ. ಬಂದೂಕಿನ ಮೇಲಿನ ಹೆಸರು, ನಂಬರು, ಗುರುತು ಯಾವುದನ್ನೂ ಅಳಿಸುವಂತಿಲ್ಲ, ತೆಗೆಯುವಂತಿಲ್ಲ, ಬದಲಿಸುವಂತಿಲ್ಲ. ಪಾಲಿಶ್ ಚಕ್ರದಲ್ಲಿ ನಂಬರು ಮಾಸಿಹೋದರೆ ಅದು ಬರೀ ಬೆಲೆಯ ಪ್ರಶ್ನೆ ಅಲ್ಲ. ಲೈಸನ್ಸ್ ಪುಸ್ತಕದ ನಂಬರಿಗೂ ಬಂದೂಕಿಗೂ ತಾಳೆ ಆಗದಿದ್ದರೆ ನವೀಕರಣದ ದಿನ ನೀವು ಉತ್ತರ ಕೊಡಬೇಕು. 6ನೇ ಕಲಂ ಪ್ರಕಾರ ಲೈಸನ್ಸ್ ಇಲ್ಲದೆ ಬ್ಯಾರಲ್ ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನೂ ಅದೇ ಕಲಂಗೆ ಸೇರಿಸಿದರು. ರಿಪೇರಿ ಕೂಡ ಲೈಸನ್ಸ್ ಇದ್ದವರೇ ಮಾಡಬೇಕು. ಹಾಗಾಗಿ ಬ್ಯಾರಲ್ ಬದಲಿಸುವ ಮಾತು ಬಂದರೆ ಮೊದಲು ಲೈಸನ್ಸ್ ಕೊಟ್ಟ ಅಧಿಕಾರಿಗೆ ಲಿಖಿತವಾಗಿ ಕೇಳಿ. ಓಣಿಯ ವರ್ಕ್‌ಶಾಪ್ ಕೆಲಸ ಅಲ್ಲ ಅದು.

ಅದೇ 2019ರಲ್ಲಿ ಒಬ್ಬರ ಹತ್ತಿರ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ವಂಶದಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಕೊಳ್ಳುವವನ ಹತ್ತಿರ ಎರಡೇ ಜಾಗ ಇವೆ ಅಂದಾಗ ಅವನು ಕೆಡಿಸಿದ ರೈಫಲ್‌ಗೆ ಒಂದು ಜಾಗ ಕೊಡುವುದಿಲ್ಲ. 1980ರ ದಶಕದಿಂದ ಖಾಸಗಿಯವರಿಗೆ ಆಮದು ಬಹುತೇಕ ನಿಂತಿರುವುದರಿಂದ ಇಲ್ಲಿ ಹಳೇ ವಿದೇಶಿ ಬಂದೂಕಿಗೆ ಬೇಡಿಕೆ ಇದೆ, ನಿಜ. ಆದರೆ ಲಂಡನ್ ಹರಾಜಿನ ಬೆಲೆ ಮೊಬೈಲ್‌ನಲ್ಲಿ ನೋಡಿ ಅದೇ ಬರುತ್ತದೆ ಅಂತ ಕೂರಬೇಡಿ. 100 ವರ್ಷ ದಾಟಿದ ಕೈಕೆಲಸದ ವಸ್ತು 1972ರ ಪುರಾತನ ವಸ್ತು ಕಾಯ್ದೆಯಡಿ ಬರಬಹುದು, ಬಂದರೆ ನೀವು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಇಲ್ಲಿನ ಲೈಸನ್ಸ್ ಇದ್ದ ಗಿರಾಕಿಯೇ ನಿಮ್ಮ ಗಿರಾಕಿ.

ಲೈಸನ್ಸ್ ತಾಪತ್ರಯ ಬೇಡ ಅಂತ ಕೆಲವರು ನಳಿಗೆಗೆ ವೆಲ್ಡಿಂಗ್ ಹಾಕಿಸಿ ಗೋಡೆಗೆ ತೂಗುಹಾಕಲು ನೋಡುತ್ತಾರೆ. ದಯವಿಟ್ಟು ಮಾಡಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ದಾರಿ ಇದೆ. ಲೈಸನ್ಸ್‌ದಾರರು ತೀರಿಕೊಂಡ ಮೇಲೆ ಅಷ್ಟೇ ಅಲ್ಲ, ಅವರಿಗೆ 70 ವರ್ಷ ತುಂಬಿದರೂ, ಬಂದೂಕು 25 ವರ್ಷ ಅವರ ಹತ್ತಿರ ಇದ್ದರೂ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಬದುಕಿರುವಾಗಲೇ ಮಾಡಿದರೆ ಬಂದೂಕಿನ ಕಥೆ ಅವರ ಬಾಯಿಂದಲೇ ಬರೆದುಕೊಳ್ಳಬಹುದು.

ಆ ಕಥೆಯೇ ಬೆಲೆ. ಜಿಮ್ ಕಾರ್ಬೆಟ್ ಹತ್ತಿರ ಇದ್ದ .275 ರಿಗ್ಬಿ ರೈಫಲ್ ನೆನಪಿಸಿಕೊಳ್ಳಿ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಕೊಟ್ಟ ಉಡುಗೊರೆ. ಅದರ ಕಟ್ಟಿಗೆಯಲ್ಲಿ ಆ ವಿಷಯ ಕೆತ್ತಿದ ಬೆಳ್ಳಿ ಫಲಕ ಇದೆ. ಬರೀ ಕಣ್ಣಿಂದ ನೋಡಿದರೆ ಅದೂ ಮೇಲೆ ಸೇರಿಸಿದ ತುಂಡೇ. ಆದರೆ ಆ ಫಲಕ ತೆಗೆದರೆ ಆ ರೈಫಲ್ ಸಾವಿರದಲ್ಲಿ ಒಂದು ರಿಗ್ಬಿ ಆಗಿಬಿಡುತ್ತದೆ. ನಮ್ಮ ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಬಳಸಿದ್ದು .405 ವಿಂಚೆಸ್ಟರ್, 1895ರ ಮಾದರಿ. ಆ ಮಾದರಿ ಕಾರ್ಖಾನೆಯಲ್ಲಿ ರಾಶಿ ರಾಶಿ ಮಾಡಿದ್ದು, ಆದರೆ ಅವರ ಕೈಯಲ್ಲಿದ್ದದ್ದು ಅಂತ ಕಾಗದ ಇದ್ದರೆ ಅದರ ಲೆಕ್ಕವೇ ಬೇರೆ.

ನಮ್ಮ ಸೀಮೆಗೆ ಹತಾರದ ಇತಿಹಾಸ ಕಡಿಮೆ ಇಲ್ಲ. 1857ರಲ್ಲಿ ಹತಾರ ಒಪ್ಪಿಸಬೇಕು ಅಂದಾಗ ಹಲಗಲಿ ಬೇಡರು ಎದ್ದರು, ಮರುವರ್ಷ ನರಗುಂದ ಎದ್ದಿತು. ಬ್ರಿಟಿಷರ 1878ರ ಶಸ್ತ್ರಾಸ್ತ್ರ ಕಾಯ್ದೆಯ ಕಾಲದ ಲೈಸನ್ಸ್ ಕಾಗದ, ಹಳೇ ಅಂಗಡಿಯ ರಸೀದಿ ಇನ್ನೂ ಎಷ್ಟೋ ವಾಡೆಗಳ ಟ್ರಂಕಿನಲ್ಲಿ ಇವೆ. ಹಾನಗಲ್ ತಮ್ಮಾ, ಪಾಲಿಶ್‌ಗೆ ಇಡುವ ದುಡ್ಡಲ್ಲಿ ತಯಾರಕರಿಗೆ ನಂಬರು ಬರೆದು ಕೇಳು, ಟ್ರಂಕು ತಿರುವಿ ಹಾಕು. ಅಜ್ಜ ಅದನ್ನು ಹಿಡಿದು ನಿಂತ ಒಂದು ಫೋಟೋ ಸಿಕ್ಕರೂ ಅದು ಸ್ಕೋಪ್‌ಗಿಂತ ಹೆಚ್ಚು.

ಹಾನಗಲ್ ಮೊಮ್ಮಗ

ಮಾಸ್ತರ, ಟ್ರಂಕಿನಲ್ಲಿ ಅಜ್ಜನ ಹಳೇ ಲೈಸನ್ಸ್ ಇದೆ, ಹಣ್ಣಾಗಿ ಅಂಚು ಹರಿದಿದೆ. ಅದನ್ನು ಲ್ಯಾಮಿನೇಶನ್ ಮಾಡಿಸಲೇ? ಮತ್ತೆ ಮಹಾನವಮಿ ಬರುತ್ತಿದೆ. ಖಂಡೇ ಪೂಜೆಯಲ್ಲಿ ರೈಫಲ್ ಇಡುವುದು ನಮ್ಮ ಮನೆಯ ಪದ್ಧತಿ. ಮನೆಯಲ್ಲಿ ಯಾವಾಗಲೂ ಕುಸುಬಿ ಎಣ್ಣೆ ಒರೆಸುತ್ತಿದ್ದರು. ಇದೆಲ್ಲಾ ನಡೆಯುತ್ತದಾ?

ಗದಗ ಮಾಸ್ತರ್

ಲ್ಯಾಮಿನೇಶನ್ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ತಿರುಗಿ ಬಿಡಿಸಲು ಬರುವುದಿಲ್ಲ. ಅಗಲ ಕವರಿನಲ್ಲಿ ಮಡಿಚದೆ ಇಡು, ಸ್ಕ್ಯಾನ್ ಮಾಡಿಸಿಕೋ.

ಮಾಳಮಡ್ಡಿ

ಪೂಜೆ ಅವಶ್ಯ ಮಾಡು. ಆದರೆ ಉಕ್ಕಿನ ಮೇಲೆ ನೇರವಾಗಿ ಒದ್ದೆ ಕುಂಕುಮ, ವಿಭೂತಿ ಹಚ್ಚಬೇಡ, ಕಾಯಿ ಒಡೆದ ನೀರು ಚಿಮುಕಿಸಬೇಡ. ಕಾಯಿ ನೀರಿನಲ್ಲಿ ಉಪ್ಪಿನಂಶ ಇದೆ. ಹಚ್ಚಿದ್ದನ್ನು ಐದು ದಿನ ಹಾಗೇ ಬಿಟ್ಟರೆ ಕೆಳಗೆ ಚುಕ್ಕಿ ಚುಕ್ಕಿಯಾಗಿ ತಿಂದಿರುತ್ತದೆ. ಹಳೇ ಮನೆತನದ ಬಂದೂಕುಗಳಲ್ಲಿ ಬ್ಯಾರಲ್ ಮೇಲೆ ಮೂರು ಬೆರಳಿನ ಅಗಲದ ತುಕ್ಕು ಕಲೆ ನಾನು ಬಹಳ ನೋಡಿದ್ದೇನೆ, ಅದು ಬಂದದ್ದು ಹೀಗೇ. ಚರ್ಮದ ಪಟ್ಟಿಗೋ ಕೆಳಗೆ ಹಾಸಿದ ವಸ್ತ್ರಕ್ಕೋ ಹಚ್ಚು. ಸಂಜೆ ಒರೆಸಿ ಎಣ್ಣೆ ಸವರಿ ಇಡು.

ಎಣ್ಣೆ ವಿಷಯ ಬಹಳ ಮುಖ್ಯ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿ. ಬಾಣಲೆ ಅಂಚಿನಲ್ಲಿ ಹಳದಿ ಜಿಗುಟು ಆಗುತ್ತದಲ್ಲ, ಅದೇ. ಬೋಲ್ಟ್ ಒಳಗೆ ಸೇರಿದರೆ ಸ್ಪ್ರಿಂಗ್ ಹಿಡಿದು ಬಿಡುತ್ತದೆ. ಅಗಸಿ ಎಣ್ಣೆಯೂ ಅದೇ ಗುಣದ್ದು, ಅದಕ್ಕೇ ಅದು ಕಟ್ಟಿಗೆಗೆ ಒಳ್ಳೇದು, ಉಕ್ಕಿಗೆ ಕೆಟ್ಟದ್ದು. ಉಕ್ಕಿಗೆ ಬಂದೂಕಿನದೇ ಎಣ್ಣೆ ಅಥವಾ ಹೊಲಿಗೆ ಮಶೀನಿನ ತೆಳು ಎಣ್ಣೆ, ಅದೂ ಬಟ್ಟೆಯಲ್ಲಿ ಸವರುವಷ್ಟು ಮಾತ್ರ.

ತಟ್ಟೆಯ ತುಕ್ಕಿಗೆ ಎಣ್ಣೆ ಹಾಕಿ ಒಂದು ದಿನ ಬಿಟ್ಟು ಒರಟು ಬಟ್ಟೆಯಿಂದ ಒರೆಸು. ಕೆಂಪು ಪುಡಿ ಬರುವುದು ನಿಂತರೆ ಸಾಕು, ಬೆಳ್ಳಗೆ ಮಾಡುವ ಹಟ ಬೇಡ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿಸು. ಆ ಕಾಲದ ತೋಟಾಗಳ ಪ್ರೈಮರ್‌ನಲ್ಲಿ (ಬುಡದ ಕಿಡಿ ಮದ್ದಿನಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಉಪ್ಪಾಗಿ ಒಳಗೆ ಉಳಿದು ತೇವ ಎಳೆಯುತ್ತದೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ. ಅದಕ್ಕೇ ಹಳಬರು ಹೊಡೆದ ದಿನವೇ ನಳಿಗೆಯಲ್ಲಿ ಕುದಿಯುವ ನೀರು ಸುರಿಯುತ್ತಿದ್ದರು. ಅಜ್ಜ ಹಾಗೆ ಮಾಡಿದ್ದರೆ ಒಳಗೆ ಇನ್ನೂ ಚೆನ್ನಾಗಿರುತ್ತದೆ. ಹೊರಗಿನ ಹೊಳಪಿಗಿಂತ ಇದಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ. ಕ್ಯಾನ್ವಾಸ್ ಕವರಿನಲ್ಲಿ ಸುತ್ತಿ ವರ್ಷಗಟ್ಟಲೆ ಬಿಡಬೇಡ, ಮಳೆಗಾಲದಲ್ಲಿ ಅದು ತೇವ ಹಿಡಿದು ಕೂರುತ್ತದೆ.

ಗೋಕುಲ ರೋಡ್ ಲೇತ್

ಮಾಳಮಡ್ಡಿ ಸರ್, ಬ್ಯಾರಲ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಸವೆದ ಸ್ಪ್ರಿಂಗ್, ಮುರಿದ ಪಿನ್ ಬದಲಿಸುವುದು ಮಾತ್ರ ಹಾನಿ ಅಂತ ನಾನು ಒಪ್ಪುವುದಿಲ್ಲ.

ಮಾಳಮಡ್ಡಿ

ನಾನೂ ಹಾನಿ ಅನ್ನುವುದಿಲ್ಲ. ಲೈಸನ್ಸ್ ಇದ್ದ ಕೆಲಸಗಾರ ಮಾಡಲಿ, ತೆಗೆದ ತುಂಡನ್ನು ಡಬ್ಬಿಯಲ್ಲಿ ಹಾಕಿ ರೈಫಲ್ ಜೊತೆಗೇ ಇಡಲಿ. ಏನು ಬದಲಿಸಿದರು, ಯಾವತ್ತು ಅಂತ ಚೀಟಿ ಬರೆದಿಡಲಿ. ಮುಚ್ಚಿಟ್ಟ ರಿಪೇರಿ ಕಂಡರೆ ಕೊಳ್ಳುವವನಿಗೆ ಎಲ್ಲದರ ಮೇಲೂ ಅನುಮಾನ ಬರುತ್ತದೆ, ಹೇಳಿ ಮಾಡಿದ ರಿಪೇರಿಗೆ ಬೆಲೆ ಅಷ್ಟಾಗಿ ಇಳಿಯುವುದಿಲ್ಲ.

ತಮ್ಮಾ, ಇನ್ನೊಂದು. ಕೆಲಸಕ್ಕೆ ಕೊಡುವಾಗ ಸ್ಕ್ರೂ ಬಗ್ಗೆ ಹುಷಾರು. ಹಳೇ ಇಂಗ್ಲಿಷ್ ಸ್ಕ್ರೂ ತಲೆಯ ಗೀಟು ಬಹಳ ಸಣ್ಣದು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಹರಿಯುತ್ತದೆ, ಪಕ್ಕದ ಕೆತ್ತನೆಗೂ ಗೀರು ಬೀಳುತ್ತದೆ.

ಗೋಕುಲ ರೋಡ್ ಲೇತ್

ಅದು ನನ್ನ ಕೆಲಸ. ಸ್ಕ್ರೂಡ್ರೈವರ್ ತುದಿಯನ್ನು ಓರೆ ಇಳಿಸದೆ ಎರಡೂ ಬದಿ ಸಮಾನಾಂತರವಾಗಿ ಗ್ರೈಂಡ್ ಮಾಡಬೇಕು, ಗೀಟಿನ ಅಗಲ, ಉದ್ದ ಎರಡಕ್ಕೂ ಸರಿಯಾಗಿ ಕೂರಬೇಕು. ಹಾನಗಲ್ ಅಣ್ಣಾ, ರೈಫಲ್ ತರುವುದು ಬೇಡ. ಸ್ಕ್ರೂ ತಲೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ಹಾಕಿ, ಗೀಟಿನಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಎಷ್ಟು ಹೋಗುತ್ತದೆ ಅಂತ ಬರೆಯಿರಿ. ನಾಲ್ಕು ಅಳತೆ ಮಾಡಿ ಇಟ್ಟಿರುತ್ತೇನೆ, ಹುಬ್ಬಳ್ಳಿಗೆ ಬಂದಾಗ ತೆಗೆದುಕೊಂಡು ಹೋಗಿ.

ಹಾನಗಲ್ ಮೊಮ್ಮಗ

ಬಹಳ ಉಪಕಾರ ಆಯಿತು ಅಣ್ಣಾ. ನಾಳೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ. ದೊಡ್ಡಪ್ಪನಿಗೆ ಇದೆಲ್ಲಾ ಓದಿ ಹೇಳಿದೆ. ಸಾಧನಕೇರಿ ಅಕ್ಕಾರ ಬರೆದದ್ದನ್ನು ಇನ್ನೊಮ್ಮೆ ಓದು ಅಂದರು. ಸಾಗವಾನಿ ಮಾತು ಮತ್ತೆ ಎತ್ತಲಿಲ್ಲ. ವೆಸ್ಟ್ಲಿ ರಿಚರ್ಡ್ಸ್‌ನವರಿಗೆ ಪತ್ರ ಬರೆಯುವಾಗ ನಂಬರು ಬಿಟ್ಟು ಇನ್ನೇನು ಬರೆಯಬೇಕು, ಮಾಸ್ತರು ಸ್ವಲ್ಪ ಹೇಳಿ.

ಗದಗ ಮಾಸ್ತರ್

ನಂಬರು, ಅಳತೆ, ಬ್ಯಾರಲ್ ಮೇಲೆ ಬರೆದದ್ದು ಅಕ್ಷರ ಅಕ್ಷರ ಇದ್ದ ಹಾಗೆ, ಪ್ರೂಫ್ ಮುದ್ರೆಗಳ ಹತ್ತಿರದ ಫೋಟೋ. ಬ್ಯಾರಲ್ ಉದ್ದ ಅಳೆದು ಬರೆ, ಯಾರಾದರೂ ಹಿಂದೆ ಕತ್ತರಿಸಿದ್ದರೆ ಪುಸ್ತಕದ ಅಳತೆಗೆ ತಾಳೆ ನೋಡಬಹುದು. ಕೇಳುವುದು ಹಳೇ ದಾಖಲೆ ಮಾತ್ರ, ಮಾರುವ ವಿಚಾರ ಈಗ ಬರೆಯಬೇಡ.